ಯಂತ್ರದ ಬೆನ್ನಿಗೆ ಬಾಚಣಿಗೆ

"ಒಂದು ಬಾಚಣಿಗೆ ಕೊಡ್ತೀರಾ ಅಮ್ಮ? ಇದಕ್ಕೂ ತಲೆ ಬಾಚ್ಬೇಕು," ಎಂದ ಏಣಿಯ ಮೇಲಿದ್ದ ಮೈಸೂರಿನ ಮೆಕ್ಯಾನಿಕ್ ಹಮೀದ್. ಏರ್ ಕಂಡಿಷನರಿನ ಬೆನ್ನು ಕಿಟಕಿಯಾಚೆ ಚಾಚಿತ್ತು. ಅದರ ತೆಳು ತಗಡುಗಳು ಬಾಗಿ, ನಡುವೆ ಕಾಫಿ ಹೊಟ್ಟು ತುಂಬಿತ್ತು. ಬೊಳ್ಳಮ್ಮ ಕೋಣೆಯ ಮೇಜಿನಿಂದ ಕೈಗೆ ಸಿಕ್ಕಿದ ಬಾಚಣಿಗೆಯನ್ನು ಹೊರಗೆ ತಂದುಕೊಟ್ಟಳು.

ಕಾಫಿ ಹೂವಿನ ಕಾಲಕ್ಕೆ ಗಂಡನ ಉಬ್ಬಸ ಏರುತ್ತದೆಂದು ತರಿಸಿದ ಯಂತ್ರ. ಅವನು ತೀರಿಕೊಂಡ ಮೇಲೆ ಎರಡು ಸಲ ಹೂವು ಅರಳಿತ್ತು. ಈಗ ಅಮ್ಮತ್ತಿಯ ಡಾಕ್ಟರರಿಗೆ ಕೊಡುವ ಮೊದಲು ಸರಿಮಾಡಿಸುತ್ತಿದ್ದಳು.

ಹಮೀದ್ ಬಾಚಣಿಗೆಯನ್ನು ತುಟಿಯ ಹತ್ತಿರ ತಂದ. ಹಲ್ಲುಗಳ ನಡುವೆ ಗಂಡನ ಎರಡು ನರೆಗೂದಲು ನಡುಗಿದವು.

"ಊದಬೇಡಿ," ಎಂದಳು ಬೊಳ್ಳಮ್ಮ.

ಅವನು ಉಸಿರು ಬಿಗಿಹಿಡಿದೇ ಏಣಿಯಿಂದಿಳಿದು, ಬಾಚಣಿಗೆಯನ್ನು ಅವಳ ಅಂಗೈಯಲ್ಲಿಟ್ಟ. "ಬಿದಿರು ಕಡ್ಡಿ ಸಾಕಮ್ಮ. ಹೊತ್ತಾಗ್ತದೆ, ಅಷ್ಟೆ."

"ಎಷ್ಟು ಹೊತ್ತಾದ್ರೂ ಆಗಲಿ," ಎಂದಳು.