ಅಪ್ಪನ ತಲೆ ಮೇಲಿಟ್ಟ ಕೈ

ಶಾಲೆಯಿಂದ ಫೋನ್ ಬಂದಾಗ ಉಮಾಪತಿ ತಮ್ಮ ಕನ್ನಡಕದ ಅಂಗಡಿಯಲ್ಲಿ ಅಜ್ಜಿಯೊಬ್ಬರಿಗೆ ಫ್ರೇಮ್ ಹಾಕಿ ನೋಡುತ್ತಿದ್ದರು.

"ನಿಮ್ಮ ಮಗಳು ಪ್ರಿಪರೇಟರಿ ಪರೀಕ್ಷೇಲಿ ಪಕ್ಕದವಳಿಗೆ ಉತ್ತರ ತೋರಿಸ್ತಾ ಸಿಕ್ಕಿಬಿದ್ದಿದ್ದಾಳೆ. ಕೂಡಲೇ ಬನ್ನಿ."

ಉಮಾಪತಿ ಅಜ್ಜಿಯನ್ನು ಫ್ರೇಮ್ ಸಮೇತ ಅಲ್ಲೇ ಕೂರಿಸಿ ಸ್ಕೂಟರ್ ಹತ್ತಿದರು.

ತನ್ಮಯಿ? ಕಾಪಿ? ಪಕ್ಕದ ಮನೆಯ ಗಿಡದಿಂದ ಒಂದು ಹೂವನ್ನೂ ಕೇಳದೆ ಕೀಳದ ಹುಡುಗಿ...

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು.

ತನ್ಮಯಿ ಏಳು ವರ್ಷದಿಂದ ಪಂಕಜಾಕ್ಷಿ ಟೀಚರ್ ಹತ್ತಿರ ಸಂಗೀತ ಕಲಿಯುತ್ತಿದ್ದಳು. ಅವಳನ್ನು ಅಲ್ಲಿಗೆ ತಂದು ಬಿಟ್ಟು, ಪಾಠ ಮುಗಿಯುವವರೆಗೆ ಟೀಚರ್ ಮನೆ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತು, ವಾಪಸ್ ಕರೆತರುತ್ತಿದ್ದವರು ಇದೇ ಅಪ್ಪ.

ಆದರೆ ಮಗಳು ಟೆನ್ತ್‌ಗೆ ಬಂದಳು ನೋಡಿ... ನಮ್ಮಲ್ಲಿ ಆ ವರ್ಷ ಜ್ವರ ಬರೋದು ಮಕ್ಕಳಿಗಲ್ಲ, ಅಪ್ಪ ಅಮ್ಮನಿಗೆ.

ಅಂಗಡಿಗೆ ಬಂದವರೆಲ್ಲ ಕೇಳಿದ್ದು ಒಂದೇ. ಮಗಳು ಟೆನ್ತಾ? ಹಾಗಾದ್ರೆ ಸಂಗೀತ ಬಿಡಿಸಿದ್ರಿ ತಾನೇ?

ಜೂನ್ ಮೊದಲ ವಾರ ಉಮಾಪತಿ ಶ್ರುತಿಪೆಟ್ಟಿಗೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು.

ಅಷ್ಟಕ್ಕೇ ಬಿಡಲಿಲ್ಲ. ಮಗಳನ್ನು ದೇವರ ಮುಂದೆ ನಿಲ್ಲಿಸಿ, ಅವಳ ಕೈ ಹಿಡಿದು ತಮ್ಮ ತಲೆ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದರು. ಪರೀಕ್ಷೆ ಮುಗಿಯೋವರೆಗೆ ಸಂಗೀತದ ತಂಟೆಗೆ ಹೋಗಲ್ಲ ಅಂತ.

ಮಗಳು ವಾದ ಮಾಡಲಿಲ್ಲ. ಆವತ್ತಿನಿಂದ ಬಚ್ಚಲಲ್ಲೂ ಗುನುಗಲಿಲ್ಲ.

ಹೇಳಿದ ಮಾತು ಕೇಳೋ ಮಗಳು ಅಂತ ಅಪ್ಪ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದರು...

ಈಗ ಹೆಡ್ ಮಿಸ್ ರೂಮಿನಲ್ಲಿ ಅದೇ ಮಗಳು ತಲೆ ತಗ್ಗಿಸಿ ಕೂತಿದ್ದಳು. ಮುಂದೆ ಒಂದು ಬಿಳಿ ಹಾಳೆ. ತಪ್ಪೊಪ್ಪಿಗೆ ಪತ್ರ ಅರ್ಧ ಬರೆದಾಗಿತ್ತು.



ಮೂರು ಸಲ ಕೇಳಿದರೂ ಬಾಯಿ ಬಿಟ್ಟಿಲ್ಲ, ಮಾಡಿಲ್ಲ ಅಂತಲೂ ಹೇಳಿಲ್ಲ ಅಂದರು ಹೆಡ್ ಮಿಸ್. ಈ ಪೇಪರ್‌ಗೆ ಸೊನ್ನೆ. ಫೈನಲ್ ಪರೀಕ್ಷೆಗೆ ಕೂರಿಸುವ ವಿಷಯವನ್ನು ಯೋಚಿಸಿ ಹೇಳ್ತೀವಿ ಅಂದರು.

ಉಮಾಪತಿಗೆ ಸಿಟ್ಟು ನೆತ್ತಿಗೇರಿತು. ಏಳು ತಿಂಗಳು ಸಂಗೀತ ಬಿಡಿಸಿ ಓದಿಸಿದ್ದು ಇದಕ್ಕಾ? ಹಲ್ಲು ಕಚ್ಚಿಕೊಂಡು, ಅವಳು ಮಾಡಿದ್ದಾದರೂ ಏನು ಅಂತ ಕೇಳಿದರು.

ಪರೀಕ್ಷಾ ಕೊಠಡಿಯಲ್ಲಿದ್ದ ಗಣಿತದ ಮೇಷ್ಟ್ರು ತಾವೇ ಮಾಡಿ ತೋರಿಸಿದರು. ಎಬಿಸಿಡಿ ಉತ್ತರಗಳಿಗೆ ಬೆರಳ ಸನ್ನೆಯಂತೆ. ಹತ್ತು ನಿಮಿಷ ಗಮನಿಸಿಯೇ ಹಿಡಿದಿದ್ದಂತೆ.

ತೊಡೆಯ ಮೇಲೆ ಒಂದು ಸಲ ಅಂಗೈ ತಟ್ಟಿದರು. ಆಮೇಲೆ ಕಿರುಬೆರಳು... ಉಂಗುರದ ಬೆರಳು... ನಡುಬೆರಳು...

ಉಮಾಪತಿ ಒಂದು ಹೆಜ್ಜೆ ಮುಂದೆ ಬಂದರು.

ಇನ್ನೊಂದು ಸಲ ತೋರಿಸಿ ಸರ್ ಅಂದರು. ಮೇಷ್ಟ್ರು ತೋರಿಸಿದರು. ಈ ಸಲ ಉಮಾಪತಿಯ ಕೈ ತಾನಾಗಿ ಅವರ ಜೊತೆ ಎಣಿಸಿತು. ನಾಲ್ಕಕ್ಕೆ ಮೇಷ್ಟ್ರು ನಿಲ್ಲಿಸಿದರೂ ಆ ಕೈ ನಿಲ್ಲಲಿಲ್ಲ. ತಟ್ಟಿತು, ಅಂಗೈ ತಿರುಗಿಸಿತು. ಮತ್ತೆ ತಟ್ಟಿತು, ತಿರುಗಿಸಿತು.

"ಐದು, ಆರು, ಏಳು, ಎಂಟು... ಸರ್, ಇದು ಉತ್ತರ ಅಲ್ಲ. ಆದಿತಾಳ. ಏಳು ವರ್ಷ ಜಗಲಿ ಮೇಲೆ ಕೂತು ಕೇಳಿದ್ದೀನಿ."



ಹೆಡ್ ಮಿಸ್ ಇಬ್ಬರು ಹುಡುಗಿಯರ ಪೇಪರನ್ನೂ ತರಿಸಿ ಅಕ್ಕಪಕ್ಕ ಇಟ್ಟು ನೋಡಿದರು. ಎಂಟು ಎಬಿಸಿಡಿ ಪ್ರಶ್ನೆಗಳಲ್ಲಿ ಆರಕ್ಕೆ ಉತ್ತರ ಬೇರೆ ಬೇರೆ. ಹೆಡ್ ಮಿಸ್ ಆ ಪತ್ರವನ್ನು ಹರಿದು ಹಾಕಿದರು.

ಉಮಾಪತಿ ಮಗಳ ಮುಂದೆ ಮೊಣಕಾಲೂರಿ ಕೂತರು. "ತಾಳ ಹಾಕ್ತಿದ್ದೆ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ಕಂದ? ಯಾಕೆ ಹೇಳ್ಲಿಲ್ಲ?"

ತನ್ಮಯಿ ಆಗ ತಲೆ ಎತ್ತಿದಳು.

"ನಿಮ್ಮ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ದೆ ಅಪ್ಪಾ... ಹೆದರಿಕೆ ಆದಾಗ ಬೆರಳು ತಾನಾಗೇ ಎಣಿಸ್ಕೊಳ್ಳತ್ತೆ. ಬಾಯಿ ಬಿಟ್ಟು ಹಾಡಿಲ್ಲ. ತಾಳ ಹಾಕಿದ್ರೂ ಆಣೆ ಮುರಿದ ಹಾಗೇನಾ? ತಾಳ ಅಂತ ಒಪ್ಪಿಕೊಂಡ್ರೆ ನಿಮಗೇನಾದ್ರೂ ಆಗಿಬಿಡತ್ತಾ?"



ತನ್ನ ಅಪ್ಪ ಬದುಕಿರಲಿ ಅಂತ, ಮಾಡದ ತಪ್ಪು ಒಪ್ಪಿಕೊಳ್ಳಲು ಕೂತಿದ್ದಳು ಹದಿನೈದರ ಮಗಳು... ಏಳು ತಿಂಗಳಿಂದ ಅಪ್ಪನ ಜೀವವನ್ನು ತನ್ನ ಬೆರಳ ತುದಿಯಲ್ಲಿ ಹಿಡಿದುಕೊಂಡು ಓಡಾಡಿದ್ದಳು. ಅದು ಅವರಿಗೆ ಗೊತ್ತೇ ಇರಲಿಲ್ಲ.

ಎಲ್ಲರೂ ನೋಡುತ್ತಿದ್ದಂತೆಯೇ ಅವರು ಮಗಳ ಕೈ ಎತ್ತಿ ತಮ್ಮ ತಲೆ ಮೇಲೆ ಇಟ್ಟುಕೊಂಡರು. "ಆಣೆ ಬಿಟ್ಟೆ ಅನ್ನು ಮಗಳೇ" ಅಂದರು.

ತನ್ಮಯಿ "ಬಿಟ್ಟೆ" ಅಂದಳು. ಆಮೇಲೆ ಅಪ್ಪನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅವತ್ತು ಸಂಜೆಯೇ ಶ್ರುತಿಪೆಟ್ಟಿಗೆ ಅಟ್ಟದಿಂದ ಇಳಿಯಿತು. ತನ್ಮಯಿ ಬಾಯಿ ತೆರೆದಳು... ಸ್ವರ ಹೊರಡಲಿಲ್ಲ. ಎರಡನೇ ಸಲವೂ ಇಲ್ಲ. ಅಪ್ಪನ ಮುಖ ಬಿಳಿಚಿಕೊಂಡಿತು.

ಮೂರನೇ ಸಲ ಒಡೆದ ದನಿಯಲ್ಲಿ ಒಂದು "ಸ" ಬಂತು. ಅಪ್ಪ ಗಡಿಬಿಡಿಯಲ್ಲಿ ತಾಳ ಹಾಕಲು ಶುರು ಮಾಡಿದರು.

"ಅಪ್ಪಾ, ಒಂದು ಎಣಿಕೆ ಬಿಟ್ರಿ" ಅಂತ ಮಗಳು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕು ಎಷ್ಟು ದಿನವಾಗಿತ್ತು ಅಂತ ಅಪ್ಪನಿಗೆ ಆಗಲೇ ಹೊಳೆದದ್ದು.

ಕೊನೆಗೆ ಟೆನ್ತ್‌ನಲ್ಲಿ ಮಾರ್ಕ್ಸ್ ಎಷ್ಟು ಬಂತು ಅಂತ ಕೇಳ್ತಿದ್ದೀರಾ? ನೋಡಿ, ಇಷ್ಟೆಲ್ಲ ಓದಿದ ಮೇಲೂ ನಮಗೆ ಅದೇ ಚಿಂತೆ...

*

ಮಕ್ಕಳಿಂದ ಆಣೆ ಮಾಡಿಸುವುದು ಒಂದು ನಿಮಿಷದ ಕೆಲಸ... ಅದನ್ನು ಅವರು ಒಬ್ಬರೇ ಎಷ್ಟು ದಿನ ಹೊರುತ್ತಾರೆ ಅನ್ನೋದು ನಮಗೆ ಕಾಣುವುದಿಲ್ಲ.

ಈ ವರ್ಷ ನಿಮ್ಮ ಮನೆಯ ಅಟ್ಟಕ್ಕೆ ನಿಮ್ಮ ಮಗುವಿನ ಯಾವ ವಸ್ತು ಏರಿದೆ... ಒಮ್ಮೆ ಹತ್ತಿ ನೋಡ್ತೀರಾ?