ಯಾವ ಸರ್ಕಾರ ಬಂತು?

ಮುದುಕ ವಿಭೂತಿ ಧರಿಸಿ ಬೆಳಗಿನ ಪೂಜೆ ಮುಗಿಸುವ ಹೊತ್ತಿಗೆ, ಪರದೇಶದಿಂದ ಬಂದ ಮಗ ಎಂಟು ವರ್ಷದ ಮಗಳ ಕೈ ಹಿಡಿದು ಹೊಸ್ತಿಲು ದಾಟಿದ. ಅಪ್ಪ ಹೊಡೆಯುತ್ತಾನೆಂದು ಅಲ್ಲಿನ ಸರ್ಕಾರ ಆ ಮಗುವನ್ನು ಬಿಡಿಸಿಕೊಂಡು ಹೋಗಿ ಎರಡು ವರ್ಷ ಬೇರೆಯವರ ಮನೆಯಲ್ಲಿಟ್ಟು ಸಾಕಿತ್ತು. ಇನ್ನು ಕೈ ಮಾಡುವುದಿಲ್ಲವೆಂದು ಅವನಿಂದ ಬರೆಸಿಕೊಂಡೇ ಈಗ ಒಪ್ಪಿಸಿತ್ತು.

“ಒಳ್ಳೇ ದೇಶ ಕಣಪ್ಪ ನಿಂದು! ಎರಡು ಏಟು ಹಾಕಿದ್ದಕ್ಕೆ ಮಗೂನೇ ಕಿತ್ಕೊಳ್ಳೋದಾ?”

“ಎರಡಲ್ಲಪ್ಪ. ಬೆಲ್ಟಲ್ಲಿ ಹೊಡೆದಿದ್ದೆ. ಅವಳ ಕೈಮೂಳೆ ಮುರೀತು.”

“ನಿನಗೆ ನಾನು ಬಾರುಕೋಲು ಸೀಳೋ ತನಕ ಬಾರಿಸ್ತಿದ್ದೆ. ಕಾಲಿಗೆ ಹಗ್ಗ ಕಟ್ಟಿ ಬಾವಿಗೆ ತಲೆಕೆಳಗಾಗಿ ಇಳಿಬಿಟ್ಟಿದ್ದೆ. ಯಾವ ಸರ್ಕಾರ ಬಂತೋ ಕೇಳೋಕೆ?”

“ಯಾರೂ ಬರಲಿಲ್ಲ. ಪಕ್ಕದ ಮನೆಯವರು ಬಾಗಿಲು ಹಾಕ್ಕೊಂಡ್ರು.”

“ಅದಕ್ಕೇ ಮನುಷ್ಯನಾದೆ! ಬರೆದುಕೊಟ್ಟೋನು ನೀನು, ನಾನಲ್ಲ. ಈ ಮನೇಲಿ ತಪ್ಪು ಮಾಡಿದ್ರೆ ಚರ್ಮ ಸುಲೀತೀನಿ.”

ಹುಡುಗಿ ಅಪ್ಪನ ಮುಖ ನೋಡಿದಳು. “ತಾತ ಹೊಡೀತಾರಾ?”

“ಇಲ್ಲ ಕಂದ, ನಾನು ಬಿಡಲ್ಲ. ಹೋಗು, ತಾತನ ಕಾಲಿಗೆ ನಮಸ್ಕಾರ ಮಾಡು.”

ಅವಳು ಹೋಗಿ ಬಗ್ಗಿದಳು. ಆ ಪುಟ್ಟ ಬೆರಳುಗಳು ಪಾದಕ್ಕೆ ತಾಗಿದ್ದೇ ಮುದುಕನ ಕಣ್ಣು ತುಂಬಿತು. ಮನಸ್ಸಿನಲ್ಲೇ ಶಿವನನ್ನು ನೆನೆದು, ಹರಸಲೆಂದು ಬಲಗೈ ಎತ್ತಿದ.

ಹುಡುಗಿ ತಲೆಯೆತ್ತಿ ನಗುತ್ತ ಅಲ್ಲೇ ನಿಂತಿದ್ದಳು. ಅವಳ ಹಿಂದಿದ್ದ ಅಪ್ಪ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಗೋಡೆಯ ಮೂಲೆಯಲ್ಲಿ ಕುಕ್ಕರಿಸಿದ್ದ.