ಅತ್ತೆಯ ಮಡಕೆ

“ಅಂಬಲಿ ಹುಳಿಯುವುದಕ್ಕೆ ರಾತ್ರಿ ಮಡಕೆಗೆ ಎರಡು ಎಸಳು ಹುಣಸೆ ಚಿಗುರು ಹಾಕಬೇಕು” ಎಂದು ನವ್ಯಶ್ರೀ ಪಥ್ಯದ ಪಟ್ಟಿಯನ್ನು ಓದಿದ ಕೂಡಲೇ, ಅಮ್ಮಯಮ್ಮ ತುಟಿಯವರೆಗೆ ತಂದಿದ್ದ ಕ್ಯಾಪ್ಸೂಲನ್ನು ಮತ್ತೆ ತಟ್ಟೆಗೆ ಹಾಕಿದಳು.

“ಇದನ್ನ ನಿಂಗೆ ಯಾರು ಹೇಳ್ಕೊಟ್ರು?”

“ಇದರೊಳಗಿನ ಜೀವಿಗಳನ್ನ ಕೊಟ್ಟೋರು ಏನು ತಿಂತಾರೋ ಅದನ್ನೇ ನೀವೂ ಒಂದು ತಿಂಗ್ಳು ತಿನ್ಬೇಕು ಅಜ್ಜಿ. ಇಲ್ದಿದ್ರೆ ಒಳಗೆ ಹೋದವು ನಿಲ್ಲಲ್ಲ. ಅವ್ರು ಹೇಳಿದ್ದನ್ನ ಹಾಗೇ ಬರ್ಕೊಂಡು ಬಂದೆ. ಹೆಸ್ರು ಮಾತ್ರ ಹೇಳೋ ಹಾಗಿಲ್ಲ.”

“ಹೇಳ್ಬೇಡ ಬಿಡು. ಅಂಬಲಿಗೆ ಚಿಗುರು ಹಾಕೋದು ಈ ಸೀಮೇಲಿ ಇಬ್ರಿಗೇ ಗೊತ್ತು. ಒಬ್ಳು ನಾನು. ಇನ್ನೊಬ್ಳು ಅಗೋ, ಆ ಹುಣಸೆಮರದಾಚೆ ಮನೆಯೋಳು.”

ನವ್ಯಶ್ರೀ ಪಟ್ಟಿಯನ್ನು ಮಡಚಿದಳು. ಅವಳು ದೊಡ್ಡಬಳ್ಳಾಪುರದಾಚೆಯ ಪ್ರಯೋಗಾಲಯದವಳು. ಕಾಲಿನ ಹುಣ್ಣಿಗೆಂದು ಎಂಟು ತಿಂಗಳು ನುಂಗಿದ ಔಷಧಿ ಅಮ್ಮಯಮ್ಮನ ಹೊಟ್ಟೆಯೊಳಗಿನ ಜೀವಿಗಳನ್ನೆಲ್ಲ ಗುಡಿಸಿ ಹಾಕಿತ್ತು. ತಿಂದದ್ದು ನಿಲ್ಲದೆ ಮುದುಕಿ ಮೂವತ್ತೊಂದು ಕೆಜಿಗೆ ಇಳಿದಿದ್ದಳು. ಬೇರೆ ದಾರಿಯಿಲ್ಲ ಎಂದಿದ್ದರು ಡಾಕ್ಟರು. ಸಾಸಲು ಕಡೆಯ ಒಬ್ಬ ಹೆಂಗಸಿನ ಹೊಟ್ಟೆಯಿಂದ ನೂರ ಹದಿನೆಂಟು ಬಗೆಯ ಸೂಕ್ಷ್ಮಜೀವಿಗಳನ್ನು ತಂದು, ಒಂದೊಂದನ್ನೂ ಅದರದರ ಗಾಜಿನ ಬುಡ್ಡಿಯಲ್ಲಿ ಬೆಳೆಸಿ, ನಾಲ್ಕು ತಿಂಗಳ ಮೇಲೆ ಎಲ್ಲವನ್ನೂ ಕೂಡಿಸಿ ಈ ಕ್ಯಾಪ್ಸೂಲಿಗೆ ತುಂಬಿದ್ದರು. ಆ ಬೆಳಿಗ್ಗೆ ಬುಡ್ಡಿಗಳೆಲ್ಲ ಒಂದಾದಾಗ ಮೆಲ್ಲಗೆ ನೊರೆಯೆದ್ದಿತ್ತು. ಯಾವುದೋ ಊರು ಕಣ್ಣು ಬಿಟ್ಟ ಹಾಗಿತ್ತು ನವ್ಯಶ್ರೀಗೆ. ಆ ಊರು ಈ ಬೀದಿಯದೇ ಎಂದು ಅವಳಿಗೇನು ಗೊತ್ತು?

ಮರದಾಚೆಯ ಮನೆಯವಳು ಪಾಪಕ್ಕ, ಅಮ್ಮಯಮ್ಮನ ವಾರಗಿತ್ತಿ. ಇಪ್ಪತ್ತೆರಡು ವರ್ಷದ ಹಿಂದೆ ಮನೆ ಪಾಲಾದಾಗ ಹೊಲ, ಹಸು, ಬಾವಿಯ ನೀರು ಎಲ್ಲವೂ ಮಾತಿಲ್ಲದೆ ಎರಡಾಗಿದ್ದವು. ಅತ್ತೆಯ ಅಂಬಲಿ ಮಡಕೆ ಮಾತ್ರ ಎರಡಾಗಲಿಲ್ಲ. ಅದು ಪಾಪಕ್ಕನ ಪಾಲಿಗೆ ಹೋದ ದಿನ ಅಮ್ಮಯಮ್ಮ ದೇವರ ಗೂಡಿನ ದೀಪ ಮುಟ್ಟಿ, ಆ ಮಡಕೆಯದು ಒಂದು ತೊಟ್ಟೂ ನನ್ನ ಹೊಟ್ಟೆಗೆ ಇಳಿಯದು ಎಂದು ಆಣೆ ಮಾಡಿದಳು. ಅಂದಿನಿಂದ ಪಾಪಕ್ಕನ ಹೆಸರೂ ಅವಳ ನಾಲಿಗೆಗೆ ಬಂದಿರಲಿಲ್ಲ. ಶ್ರಾವಣದಲ್ಲಿ ಗುಡಿಯೊಳಗೆ ಭಾರತ ಓದಿಸುವಾಗ ಒಂದೇ ಚಾಪೆಯ ಮೇಲೆ ಕೂತು ಕೇಳುತ್ತಿದ್ದವರು ಈಗ ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಒರಗುತ್ತಿದ್ದರು.

“ಅವಳ ಮಡಕೇದು ಒಂದು ತೊಟ್ಟೂ ಕುಡಿಯಲ್ಲ ಅಂತ ಆ ದೀಪ ಮುಟ್ಟಿ ಆಣೆ ಮಾಡಿದೀನಿ” ಎಂದಳು ಅಮ್ಮಯಮ್ಮ.

“ಅಜ್ಜಿ, ಇದು ಮಡಕೇದಲ್ಲ. ಹೊಟ್ಟೇದು.”

“ಅವಳ ಹೊಟ್ಟೇಲಿ ಇರೋದೇ ಆ ಮಡಕೇದು ಕಣವ್ವ. ನಮ್ಮತ್ತೆ ಅದನ್ನ ಒಂದಿನಾನೂ ಪೂರ್ತಿ ತೊಳೆಯೋಕೆ ಬಿಟ್ಟೋಳಲ್ಲ. ತಳದಲ್ಲಿ ಒಂಚೂರು ಉಳಿಸ್ರೇ, ನಾಳೆ ಅಂಬಲಿಗೆ ಅದೇ ತಾಯಿ, ಅನ್ನೋಳು.”

ಪ್ರಯೋಗಾಲಯದ ಬುಡ್ಡಿಗಳಲ್ಲಿ ನವ್ಯಶ್ರೀಯೂ ದಿನಾ ತಳದಲ್ಲಿ ಒಂಚೂರು ಉಳಿಸುತ್ತಿದ್ದಳು.

ಕಿಟಕಿಯಿಂದ ಹುಣಸೆ ಎಲೆಗಳ ನೆರಳು ಬಂದು ಹಾಸಿಗೆಯ ಮೇಲೆ ನೀರಿನಂತೆ ಅಲ್ಲಾಡುತ್ತಿತ್ತು. ಅಮ್ಮಯಮ್ಮನ ಕಣ್ಣು ಅರ್ಧ ಮುಚ್ಚಿತು. ಆ ನೀರಿನೊಳಗೆ ಅತ್ತೆ ಕೂತು ಅಂಬಲಿ ಕದಡುತ್ತಿದ್ದಳು. ಎದುರಿಗೆ ಒಂದೇ ಬಟ್ಟಲು. ಇಬ್ಬರು ಎಳೆಯ ಸೊಸೆಯರು ಒಬ್ಬಳಾದ ಮೇಲೆ ಒಬ್ಬಳು ಕುಡಿದು, ಅಂಬಲಿಯ ಮೀಸೆ ಮೂಡಿದ ತುಟಿ ನೋಡಿ ನಗುತ್ತಿದ್ದರು.

“ಅವಳಿಗೆ ಗೊತ್ತಾ, ಯಾರಿಗೆ ಹೋಗುತ್ತೆ ಅಂತ?” ಕಣ್ಣು ತೆರೆಯದೆಯೇ ಕೇಳಿದಳು.

“ಇಲ್ಲಜ್ಜಿ. ಅವ್ರಿಗೂ ಹೇಳೋ ಹಾಗಿಲ್ಲ. ಆದ್ರೆ...”

“ಆದ್ರೆ ಏನು?”

“ಆ ಚಿಗುರಿನ ಮಾತು ಎರಡು ಸಲ ಬರೆಸಿದ್ರು. ‘ಬರ್ದ್ಯಾ? ಎಲ್ಲಿ, ಓದು ನೋಡೋಣ’ ಅಂದ್ರು. ಓದಿದ್ಮೇಲೇನೇ ನಮ್ಮ ಲ್ಯಾಬಿಂದ ಎದ್ದು ಹೋಗಿದ್ದು.”

ಅಮ್ಮಯಮ್ಮ ಕಣ್ಣು ತೆರೆದು ದೇವರ ಗೂಡನ್ನು ನೋಡಿದಳು. ಬೆಳಿಗ್ಗೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು.

“ಆ ದೀಪದ ಮುಖ ಒಂಚೂರು ಗೋಡೆ ಕಡೆ ತಿರುಗ್ಸವ್ವ.”

ನವ್ಯಶ್ರೀ ತಿರುಗಿಸಿ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು, ಲೋಟವೂ. ಮುದುಕಿ ಗೋಡೆಗೆ ಒರಗಿ, ಗುಡಿಯಲ್ಲಿ ಓದು ಕೇಳುವಾಗ ಕೂರುವಂತೆ ಕಿವಿಗೊಟ್ಟು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ಮೆಲ್ಲಗೆ ಗುರುಗುಟ್ಟಿತು.

“ನೋವಾ ಅಜ್ಜಿ?”

ಅಮ್ಮಯಮ್ಮ ಅಲ್ಲವೆಂದು ತಲೆಯಾಡಿಸಿದಳು. ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಹೊಸಿಲಲ್ಲಿ ನಿಂತವರಿಗೆ ಹೇಳುವ ದನಿಯಲ್ಲಿ ಹೇಳಿದಳು:

“ಬಂದ್ಯಾ ಪಾಪಕ್ಕ? ಕೂತ್ಕೊಳೇ.”